ಏಳು ನೋಂದಣಿ ಇದ್ದವು, ಬೇಕಾದ ಒಂದೇ ಇರಲಿಲ್ಲ: ವಿಜಯಪುರದ ಒಣದ್ರಾಕ್ಷಿ ವ್ಯಾಪಾರದ ಒಂದು ಪ್ರಕರಣ

2025ರ ಫೆಬ್ರುವರಿ. ಕೋರ್ಟಿನಿಂದ ಬಂದ ಮೂರು ಪುಟದ ಅರ್ಜಿಯೊಂದನ್ನು ಒಣದ್ರಾಕ್ಷಿ ವ್ಯಾಪಾರದ ಇಬ್ಬರು ಪಾಲುದಾರರಲ್ಲಿ ದೊಡ್ಡವರು ನನ್ನ ಟೇಬಲ್ ಮೇಲೆ ಇಟ್ಟರು. ಪಕ್ಕದಲ್ಲೇ ತಮ್ಮ ದಪ್ಪ ಕೆಂಪು ಫೈಲನ್ನೂ ಇಟ್ಟರು.

"ನಮ್ಮ ಫರ್ಮ್ ರಿಜಿಸ್ಟರ್ ಆಗಿಲ್ಲ ಅಂತ ಬರ್ದಾರ ನೋಡ್ರಿ ಸಾಹೇಬ್ರ. ಇಷ್ಟೆಲ್ಲಾ ಕಾಗದ ಇದ್ದೂ ಆಗಿಲ್ಲ ಅಂದ್ರ ಹೆಂಗ್ರಿ?"

ಫೈಲು ಬಿಚ್ಚಿದೆ. ಸಂಸ್ಥೆಯ ಹೆಸರಿನ ಪ್ಯಾನ್ ಕಾರ್ಡ್. 29ರಿಂದ ಶುರುವಾಗುವ 15 ಅಂಕಿ-ಅಕ್ಷರಗಳ ಜಿಎಸ್‌ಟಿ ಪತ್ರ. 14 ಅಂಕಿಗಳ ಆಹಾರ ಸುರಕ್ಷತಾ ಲೈಸೆನ್ಸ್. ಎಪಿಎಂಸಿ ಲೈಸೆನ್ಸ್. ಮಹಾನಗರ ಪಾಲಿಕೆಯ ಟ್ರೇಡ್ ಲೈಸೆನ್ಸ್. ಕಾರ್ಮಿಕ ಇಲಾಖೆಯ ಅಂಗಡಿ ನೋಂದಣಿ. ಕೊನೆಗೆ ಸಣ್ಣ ಉದ್ದಿಮೆಗಳಿಗೆ ಕೊಡುವ ಉದ್ಯಮ್ ಪತ್ರ. ಒಟ್ಟು ಏಳು. ಅದರಲ್ಲಿ ಐದನ್ನು ನಾನೇ ಮಾಡಿಸಿಕೊಟ್ಟಿದ್ದೆ. ಆದರೂ ಅರ್ಜಿಯಲ್ಲಿ ಬರೆದದ್ದು ಸರಿಯಾಗಿಯೇ ಇತ್ತು. ಸಂಸ್ಥೆ ನೋಂದಣಿ ಆಗಿರಲಿಲ್ಲ.

ನಾನು ವಿಜಯಪುರದಲ್ಲಿ ತೆರಿಗೆ ಮತ್ತು ಲೆಕ್ಕಪತ್ರದ ಕೆಲಸ ಮಾಡುವವನು, ವಕೀಲನಲ್ಲ. ಈ ಪ್ರಕರಣದಲ್ಲಿ ತಪ್ಪಿನ ಒಂದು ಪಾಲು ನನ್ನದೂ ಇದೆ. ಅದಕ್ಕೇ ಬರೆಯುತ್ತಿದ್ದೇನೆ. ಇಬ್ಬರೂ ಪಾಲುದಾರರ ಒಪ್ಪಿಗೆ ಇದೆ. ಗುರುತು ಸಿಗಬಾರದು ಅಂತ ಹೆಸರು ಬಿಟ್ಟಿದ್ದೇನೆ, ಮೊತ್ತಗಳನ್ನು ಸ್ವಲ್ಪ ಹಿಂದೆಮುಂದೆ ಮಾಡಿದ್ದೇನೆ.

ಹಿನ್ನೆಲೆ

ಇಬ್ಬರೂ ಸಡ್ಡಕರು, ಅಂದರೆ ಅಕ್ಕ-ತಂಗಿಯರ ಗಂಡಂದಿರು. ದೊಡ್ಡವರದು ತಿಕೋಟಾ ಕಡೆ ದ್ರಾಕ್ಷಿ ತೋಟ. ಸಣ್ಣವರು ಮೊದಲು ಲಾರಿ ಬುಕಿಂಗ್ ಮಾಡುತ್ತಿದ್ದರು. 2015ರಲ್ಲಿ ಸೇರಿ ಒಣದ್ರಾಕ್ಷಿ ವ್ಯಾಪಾರ ಶುರು ಮಾಡಿದರು. ರೈತರ ಶೆಡ್ಡಿನಿಂದ ಮಾಲು ತರುವುದು, ಕಡ್ಡಿ ತೆಗೆದು ಸ್ವಚ್ಛ ಮಾಡಿಸುವುದು, ಬಣ್ಣ ಮತ್ತು ಗಾತ್ರ ನೋಡಿ ಗ್ರೇಡ್ ಮಾಡುವುದು, 15 ಕೆಜಿ ಬಾಕ್ಸಿಗೆ ತುಂಬಿ ಹೊರರಾಜ್ಯಕ್ಕೆ ಕಳಿಸುವುದು. ನಮ್ಮ ಕಡೆ ಸುಮಾರು ನಾಲ್ಕು ಕೆಜಿ ಹಸಿ ದ್ರಾಕ್ಷಿ ಒಣಗಿದರೆ ಒಂದು ಕೆಜಿ ಒಣದ್ರಾಕ್ಷಿ ಕೈಗೆ ಬರುತ್ತದೆ. ಹಾಗಾಗಿ ಒಂದು ಲೋಡು ಮಾಲಿನ ಹಣ ಸಿಕ್ಕಿಬಿದ್ದರೆ ಎಷ್ಟು ಎಕರೆಯ ಬೆವರು ಸಿಕ್ಕಿಬಿದ್ದಂತೆ ಅಂತ ಲೆಕ್ಕ ಹಾಕಿಕೊಳ್ಳಿ.

ಶುರುವಿನಲ್ಲೇ ಒಂದು ಪಾಲುದಾರಿಕೆ ಪತ್ರ ಬರೆಸಿದ್ದರು. ಛಾಪಾ ಕಾಗದ, ಇಬ್ಬರ ಸಹಿ, ಇಬ್ಬರು ಸಾಕ್ಷಿ, ಮೇಲೆ ನೋಟರಿಯ ದುಂಡನೆಯ ಮೊಹರು. ವಿಳಾಸದಲ್ಲಿ 'ಬಿಜಾಪುರ' ಅಂತಲೇ ಇತ್ತು. 2014ರ ನವೆಂಬರ್ 1ಕ್ಕೇ ಊರಿನ ಹೆಸರು ವಿಜಯಪುರ ಆಗಿತ್ತು, ಆದರೆ ಬರೆಯುವವರ ಕೈಗೆ ಹಳೆಯದೇ ರೂಢಿ. ಲಾಭದ ಪಾಲು ದೊಡ್ಡವರಿಗೆ 60, ಸಣ್ಣವರಿಗೆ 40.

ನಾನು ಅವರಿಗೆ ಪರಿಚಯವಾದದ್ದು 2017ರಲ್ಲಿ, ಜಿಎಸ್‌ಟಿ ಬಂದಾಗ. ಪೋರ್ಟಲ್ 'ವ್ಯವಹಾರದ ಸ್ವರೂಪ' ಕೇಳಿತು, ಪಾಲುದಾರಿಕೆ ಅಂತ ಆರಿಸಿದೆ. ಪಾಲುದಾರಿಕೆ ಪತ್ರ ಕೇಳಿತು, ನೋಟರಿ ಮೊಹರಿನ ಪತ್ರ ಹಾಕಿದೆ. ನಂಬರ್ ಬಂತು. ಬ್ಯಾಂಕಿನವರೂ ಅದೇ ಪತ್ರ ನೋಡಿ ಕರೆಂಟ್ ಅಕೌಂಟ್ ಕೊಟ್ಟಿದ್ದರು. ಸಂಸ್ಥೆ ನೋಂದಣಿ ಆಗಿದೆಯಾ ಅಂತ ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ.

ಇದಕ್ಕೆ ಕಾರಣ ಇದೆ. ನಮ್ಮ ದೇಶದಲ್ಲಿ ಕಂಪನಿ ಅಥವಾ ಎಲ್‌ಎಲ್‌ಪಿ (ಸೀಮಿತ ಹೊಣೆಯ ಪಾಲುದಾರಿಕೆ) ಹುಟ್ಟುವುದೇ ನೋಂದಣಿಯಿಂದ. ನೋಂದಣಿ ಆಗುವ ತನಕ ಅದು ಇಲ್ಲವೇ ಇಲ್ಲ. ಪಾಲುದಾರಿಕೆ ಹಾಗಲ್ಲ. 1932ರ ಭಾರತೀಯ ಪಾಲುದಾರಿಕೆ ಕಾಯ್ದೆಯ ಪ್ರಕಾರ ಇಬ್ಬರು ಸೇರಿ ವ್ಯವಹಾರ ಮಾಡಿ ಲಾಭ ಹಂಚಿಕೊಳ್ಳಲು ಒಪ್ಪಿದರೆ ಸಾಕು, ಪಾಲುದಾರಿಕೆ ಹುಟ್ಟಿತು. ಬಾಯಿಮಾತೂ ನಡೆಯುತ್ತದೆ. ನೋಂದಣಿ ಮಾಡದಿದ್ದರೆ ದಂಡ ಇಲ್ಲ, ಇನ್ಸ್‌ಪೆಕ್ಟರ್ ಬರುವುದಿಲ್ಲ, ನೋಟಿಸೂ ಇಲ್ಲ. ಜಿಎಸ್‌ಟಿ ರಿಟರ್ನ್ ಒಂದು ದಿನ ತಡವಾದರೆ ಮೊಬೈಲಿಗೆ ಮೆಸೇಜ್ ಬರುತ್ತದೆ. ಇದಕ್ಕೆ ಹತ್ತು ವರ್ಷವಾದರೂ ಯಾರೂ ಕರೆಯುವುದಿಲ್ಲ. ಹೀಗಾಗಿ ಎಲ್ಲರೂ ಮರೆಯುತ್ತಾರೆ.

ಹಣ ನಿಂತದ್ದು

2022ರ ಏಪ್ರಿಲ್, ಮೇ ತಿಂಗಳಲ್ಲಿ ಹೊರರಾಜ್ಯದ ಒಬ್ಬ ಸಗಟು ಖರೀದಿದಾರರಿಗೆ ಮೂರು ಲೋಡ್ ಕಳಿಸಿದರು. ಸುಮಾರು 10 ಟನ್, ಬಿಲ್ಲು ಒಟ್ಟು ₹18,40,000. 30 ದಿನದ ಉದ್ರಿ. ಮೂರು ವರ್ಷದಿಂದ ಮಾಲು ತೆಗೆದುಕೊಳ್ಳುತ್ತಿದ್ದ ಗಿರಾಕಿ. ₹6 ಲಕ್ಷ ಬಂತು, ಆಮೇಲೆ ಫೋನಿನ ಮಾತಷ್ಟೇ.

2023ರ ಜನವರಿ ಮೊದಲ ವಾರ ₹4 ಲಕ್ಷದ ಚೆಕ್ ಬಂತು. ಹಾಕಿದರು, ಖಾತೆಯಲ್ಲಿ ಹಣ ಇಲ್ಲ ಅಂತ ವಾಪಸ್. ಮೊದಲ ತಿರುವು ಇಲ್ಲಿದೆ. ಚೆಕ್ ಬೌನ್ಸ್ ಆದ ಸುದ್ದಿ ಬ್ಯಾಂಕಿನಿಂದ ಸಿಕ್ಕ 30 ದಿನದೊಳಗೆ ಲಿಖಿತ ನೋಟಿಸ್ ಕೊಡಬೇಕು. ನೋಟಿಸ್ ತಲುಪಿ 15 ದಿನ ಕಳೆದರೂ ಹಣ ಬರದಿದ್ದರೆ ಮುಂದಿನ ಒಂದು ತಿಂಗಳಲ್ಲಿ ದೂರು ಹಾಕಬೇಕು. 2015ರ ತಿದ್ದುಪಡಿಯ ನಂತರ, ಹಣ ಬರಬೇಕಾದವರ ಖಾತೆ ಇರುವ ಬ್ಯಾಂಕ್ ಶಾಖೆಯ ಊರಿನಲ್ಲೇ ಈ ದೂರು ಹಾಕಬಹುದು. ಅಂದರೆ ಇವರು ವಿಜಯಪುರದಲ್ಲೇ ಕೇಸ್ ನಡೆಸಬಹುದಿತ್ತು. ಇನ್ನೊಂದು ವಿಷಯ: ಇದು ಕ್ರಿಮಿನಲ್ ದೂರು. ಸಂಸ್ಥೆ ನೋಂದಣಿ ಆಗಿಲ್ಲ ಅನ್ನುವ ಆಕ್ಷೇಪ ಇದಕ್ಕೆ ತಾಗುವುದಿಲ್ಲ ಅಂತ ಹಲವು ಹೈಕೋರ್ಟ್‌ಗಳು ಹೇಳಿವೆ.

ಆದರೆ ಗಿರಾಕಿ ಫೋನ್ ಮಾಡಿ ಗೋಗರೆದರು. "ಸಂಕ್ರಾಂತಿ ಮುಗೀಲಿ, ಮತ್ತೊಮ್ಮೆ ಹಾಕೋರಂತೆ." ಇಲ್ಲಿ ಸಿದ್ಧೇಶ್ವರ ಜಾತ್ರೆಯ ಗದ್ದಲ. ದೊಡ್ಡವರು ಸುಮ್ನೆ ಕಾದರು. 30 ದಿನ ಜಾರಿತು. ಚೆಕ್ಕಿನ ಮೂರು ತಿಂಗಳ ಆಯಸ್ಸೂ ಮುಗಿಯಿತು. ದೂರು ಹಾಕುವುದು ತಡವಾದರೆ ಕಾರಣ ಹೇಳಿ ಕೋರ್ಟಿನ ಕ್ಷಮೆ ಕೇಳಬಹುದು. ನೋಟಿಸ್ ತಡವಾದರೆ ಆ ದಾರಿ ಇಲ್ಲ.

ನನಗೆ ಇದೆಲ್ಲ ತಿಳಿದದ್ದು ಆ ವರ್ಷದ ಏಪ್ರಿಲ್‌ನಲ್ಲಿ, ವರ್ಷದ ಲೆಕ್ಕ ಮುಗಿಸುವಾಗ. ₹12,40,000 ಬಾಕಿ ಎದ್ದು ಕಾಣುತ್ತಿತ್ತು. ನನ್ನ ಒಂದು ಹಳೆಯ ಚಟ ಇದೆ: ದೊಡ್ಡ ಬಾಕಿ ಇದ್ದರೆ ಎದುರಿನವರಿಂದ ಬಾಕಿ ದೃಢೀಕರಣ ಪತ್ರ ತರಿಸುತ್ತೇನೆ. 'ಮಾರ್ಚ್ 31, 2023ಕ್ಕೆ ನಿಮಗೆ ನಾವು ಕೊಡಬೇಕಾದದ್ದು ಇಷ್ಟು' ಅಂತ ಒಂದೇ ಸಾಲು, ಕೆಳಗೆ ಸಹಿ, ಮೊಹರು, ತಾರೀಖು. ಲೆಕ್ಕ ಚೊಕ್ಕಟ ಇರಲಿ ಅಂತ ಕೇಳಿದ್ದಷ್ಟೆ. ಗಿರಾಕಿಗೆ ಆಗ ಸಂಬಂಧ ಕೆಡಿಸಿಕೊಳ್ಳುವ ಮನಸ್ಸಿರಲಿಲ್ಲ, ಸಹಿ ಹಾಕಿ ಕಳಿಸಿದರು. ಅದನ್ನು ಫೈಲಿಗೆ ಸೇರಿಸಿ ನಾನು ಮರೆತೇ ಬಿಟ್ಟೆ.

ಉದ್ಯಮ್ ನೋಂದಣಿ ಮಾಡಿಸಿದ್ದು ಇದಾದ ಮೇಲೆ, 2023ರ ಜೂನ್‌ನಲ್ಲಿ. ಸಣ್ಣ ಉದ್ದಿಮೆಗಳಿಗೆ ತಡವಾಗಿ ಹಣ ಕೊಟ್ಟರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಸಿಗುತ್ತದೆ ಅಂತ ಯಾರೋ ಹೇಳಿದ್ದರು. ಕಾಯ್ದೆಯಲ್ಲಿ ಅದು ಇರುವುದು ನಿಜ. ಆದರೆ ಮಾಲು ಕಳಿಸಿ ವರ್ಷ ಕಳೆದ ಮೇಲೆ ನೋಂದಣಿ ಮಾಡಿಸಿದರೆ ಹಿಂದಿನ ಪೂರೈಕೆಗೆ ಲಾಭ ಸಿಗದು ಅಂತ 2021ರಲ್ಲೇ ಸುಪ್ರೀಂ ಕೋರ್ಟ್ ಹೇಳಿತ್ತು. ಮಳೆ ನಿಂತ ಮೇಲೆ ಕೊಡೆ ಕೊಂಡಂತಾಯಿತು.

ಕೋರ್ಟಿನ ಬಾಗಿಲಲ್ಲಿ

2024ರಲ್ಲಿ ಒಬ್ಬ ವಕೀಲರನ್ನು ಹಿಡಿದರು. ಮೊತ್ತ ₹3 ಲಕ್ಷಕ್ಕಿಂತ ಜಾಸ್ತಿ, ವ್ಯಾಪಾರಿಗಳ ನಡುವಿನ ಮಾಲಿನ ವ್ಯವಹಾರ. ಹಾಗಾಗಿ ಇದು ವಾಣಿಜ್ಯ ದಾವೆ. ತುರ್ತು ತಡೆಯಾಜ್ಞೆ ಬೇಡದ ಇಂಥ ದಾವೆಗೆ ಮೊದಲು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಮಧ್ಯಸ್ಥಿಕೆಗೆ ಅರ್ಜಿ ಹಾಕಲೇಬೇಕು. ಇದು ಕಡ್ಡಾಯ ಅಂತ 2022ರಲ್ಲಿ ಪಾಟೀಲ್ ಆಟೊಮೇಷನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಖಚಿತ ಮಾಡಿದೆ. ಅರ್ಜಿ ಹಾಕಿದರು, ಎದುರಿನವರು ಬರಲೇ ಇಲ್ಲ. ನವೆಂಬರ್‌ನಲ್ಲಿ ಸಂಸ್ಥೆಯ ಹೆಸರಿನಲ್ಲಿ ದಾವೆ ಹೂಡಿದರು.

ಫೆಬ್ರುವರಿಯಲ್ಲಿ ಬಂದದ್ದೇ ಆ ಮೂರು ಪುಟ. ಪ್ರತಿವಾದಿ ಬಾಕಿ ಇಲ್ಲ ಅನ್ನಲಿಲ್ಲ, ಮಾಲು ಕೆಟ್ಟಿತ್ತು ಅಂತಲೂ ಅನ್ನಲಿಲ್ಲ. ಪಾಲುದಾರಿಕೆ ಕಾಯ್ದೆಯ ಸೆಕ್ಷನ್ 69(2) ಪ್ರಕಾರ ಈ ದಾವೆಯೇ ನಿಲ್ಲದು, ತಿರಸ್ಕರಿಸಿ ಅಂತಷ್ಟೇ ಕೇಳಿದರು. ಸಂಸ್ಥೆಗಳ ರಿಜಿಸ್ಟರ್ ಯಾರು ಬೇಕಾದರೂ ಶುಲ್ಕ ಕೊಟ್ಟು ನೋಡಬಹುದಾದ ದಾಖಲೆ. ಅವರ ವಕೀಲರು ನೋಡಿದ್ದರು. ನಮ್ಮವರ ಹೆಸರು ಅದರಲ್ಲಿ ಇರಲಿಲ್ಲ.

ಸೆಕ್ಷನ್ 69(2) ಹೇಳುವುದು ಇಷ್ಟು. ಒಪ್ಪಂದದಿಂದ ಹುಟ್ಟಿದ ಹಕ್ಕಿಗಾಗಿ ಸಂಸ್ಥೆ ಹೊರಗಿನವರ ಮೇಲೆ ದಾವೆ ಹಾಕಬೇಕಾದರೆ ಸಂಸ್ಥೆ ನೋಂದಣಿ ಆಗಿರಬೇಕು, ದಾವೆ ಹಾಕುವವರ ಹೆಸರು ರಿಜಿಸ್ಟರಿನಲ್ಲಿ ಪಾಲುದಾರರು ಅಂತ ಇರಬೇಕು. ದಾವೆ ಹೂಡಿದ ದಿನವೇ ಇರಬೇಕು. ಹೂಡಿದ ಮೇಲೆ ನೋಂದಣಿ ಮಾಡಿಸಿ ತಂದುಕೊಟ್ಟರೆ ಆ ದಾವೆಗೆ ಜೀವ ಬರುವುದಿಲ್ಲ.

ಇದರ ಇನ್ನೊಂದು ಮುಖ ನೋಡಿ. ಹೊರಗಿನವರು ಇಂಥ ಸಂಸ್ಥೆಯ ಮೇಲೆ ದಾವೆ ಹಾಕಲು ಯಾವ ತಡೆಯೂ ಇಲ್ಲ. ಗಿರಾಕಿಯಿಂದ ಹಣ ಬರದ ಕಾರಣ ಇವರು ಮೂವರು ರೈತರಿಗೆ ಸುಮಾರು ₹3 ಲಕ್ಷ ಕೊಡಬೇಕಿತ್ತು. ಅವರು ಮನಸ್ಸು ಮಾಡಿದ್ದರೆ ಇಬ್ಬರನ್ನೂ ಕೋರ್ಟಿಗೆ ಎಳೆಯಬಹುದಿತ್ತು. ಸಂಸ್ಥೆಯ ಸಾಲಕ್ಕೆ ಪ್ರತಿಯೊಬ್ಬ ಪಾಲುದಾರನೂ ಪೂರ್ತಿ ಹೊಣೆ, ಮನೆ-ಹೊಲ ಸೇರಿ. ಬೇರೆಯವರಿಗೆ ಒಳಗೆ ಬರಲು ಬಾಗಿಲು ತೆರೆದಿದೆ, ನಮಗೆ ಹೊರಗೆ ಹೋಗಲು ಮುಚ್ಚಿದೆ. ಇದನ್ನು ಹೇಳಿದಾಗ ದೊಡ್ಡವರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ಮತ್ತ ನೋಟರಿ ಮಾಡ್ಸಿದ್ದು ಏನಾತ್ರಿ?" ಅಂದರು.

ನೋಟರಿ ಮಾಡುವುದು ಈ ಸಹಿ ಇವರದೇ ಅಂತ ದೃಢೀಕರಿಸುವ ಕೆಲಸ. ಅದರಿಂದ ಯಾವ ಸರ್ಕಾರಿ ರಿಜಿಸ್ಟರಿಗೂ ಹೆಸರು ಏರುವುದಿಲ್ಲ. ನಮ್ಮ ಮಾತಿನಲ್ಲಿ ಎಲ್ಲದಕ್ಕೂ 'ರಿಜಿಸ್ಟರ್' ಒಂದೇ ಶಬ್ದ. ಆದರೆ ಜಿಎಸ್‌ಟಿ ಇಲಾಖೆ ನೋಡುವುದು ತೆರಿಗೆ. ಆಹಾರ ಸುರಕ್ಷತೆಯವರು ನೋಡುವುದು ಮಾಲು ತಿನ್ನಲು ಯೋಗ್ಯವೇ ಅಂತ. ಪಾಲಿಕೆ ನೋಡುವುದು ಜಾಗ. ಪ್ಯಾನ್ ನಂಬರಿನ ನಾಲ್ಕನೇ ಅಕ್ಷರ 'ಎಫ್' ಇದ್ದರೆ ಅದು ಫರ್ಮ್ ಅಂತ ಆದಾಯ ತೆರಿಗೆಯವರು ಒಪ್ಪಿದ್ದಾರೆ, ಅಷ್ಟೇ. ಒಂದು ಇಲಾಖೆಯ ಒಪ್ಪಿಗೆ ಇನ್ನೊಂದು ಕಾಯ್ದೆಗೆ ಸಾಲುವುದಿಲ್ಲ. ಪಾಲುದಾರಿಕೆ ಸಂಸ್ಥೆ ನೋಂದಣಿ ಆಗುವುದು ನೋಂದಣಿ ಮತ್ತು ಮುದ್ರಾಂಕ ಇಲಾಖೆಯಲ್ಲಿ. ಮನೆ-ಹೊಲದ ಖರೀದಿ ಪತ್ರಕ್ಕೆ ಓಡಾಡುವ ಅದೇ ಇಲಾಖೆ.

ಯಾವ ದಾರಿ?

ಈ ಹಂತದಲ್ಲಿ ಇನ್ನೊಬ್ಬ ವಕೀಲ ಮೇಡಂ ಬಂದರು. ಅವರ ಮೊದಲ ಪ್ರಶ್ನೆ ಕಾಲಮಿತಿಯದು. ಮಾಲಿನ ಬಾಕಿಗೆ ಮೂರು ವರ್ಷ. 30 ದಿನದ ಉದ್ರಿ ಮುಗಿದದ್ದು 2022ರ ಮೇ-ಜೂನ್‌ನಲ್ಲಿ. ಅಂದರೆ 2025ರ ಮೇ-ಜೂನ್‌ಗೆ ಗಡುವು. ಆಗಲೇ ಮಾರ್ಚ್ ನಡೆದಿತ್ತು.

ಮೊದಲ ವಕೀಲರು ವಾದ ಮಾಡಿ ನೋಡೋಣ ಅನ್ನುತ್ತಿದ್ದರು. ಸೆಕ್ಷನ್ 69 ಎಲ್ಲ ಹಕ್ಕಿಗೂ ಅನ್ವಯಿಸದು ಅನ್ನುವುದು ನಿಜ. ಟ್ರೇಡ್‌ಮಾರ್ಕ್‌ನಂಥ ಕಾನೂನೇ ಕೊಟ್ಟ ಹಕ್ಕಿಗೆ ಈ ತಡೆ ಇಲ್ಲ ಅಂತ 2000ದಲ್ಲಿ ಹಲ್ದೀರಾಮ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆದರೆ ಒಣದ್ರಾಕ್ಷಿ ಮಾರಿದ ದುಡ್ಡು ಕೇಳುವುದು ಶುದ್ಧ ಒಪ್ಪಂದದ ಹಕ್ಕು, ಸಂಸ್ಥೆಯ ದಿನದ ವ್ಯವಹಾರ. ಮೇಡಂ ಆ ವಾದಕ್ಕೆ ಸಮಯ ಕಳೆಯಲು ಒಪ್ಪಲಿಲ್ಲ. ಅವರ ಸಲಹೆ: ಮೊದಲು ನೋಂದಣಿ ಮಾಡಿಸಿ. ಹೊಸ ದಾವೆ ಹಾಕುವ ಹಕ್ಕು ಉಳಿಸಿಕೊಂಡು ಈ ದಾವೆ ವಾಪಸ್ ಪಡೆಯಲು ಕೋರ್ಟಿನ ಅನುಮತಿ ಕೇಳೋಣ. ಆಮೇಲೆ ಮತ್ತೆ ಮೊದಲಿನಿಂದ.

ಇದರಲ್ಲಿ ಒಂದು ಅಪಾಯ ಇದೆ. ಹೀಗೆ ವಾಪಸ್ ಪಡೆದರೆ ಕಾಲಮಿತಿ ಲೆಕ್ಕಕ್ಕೆ ಮೊದಲ ದಾವೆ ಹಾಕಿಯೇ ಇಲ್ಲ ಅಂತ ಎಣಿಸಬೇಕು. ನೋಂದಣಿ, ಕೋರ್ಟಿನ ಅನುಮತಿ, ಎರಡನೇ ಮಧ್ಯಸ್ಥಿಕೆ ಎಲ್ಲ ಮುಗಿಯುವಷ್ಟರಲ್ಲಿ ಜೂನ್ ದಾಟುವುದು ಖಂಡಿತ. ಮೇಡಂ ಕೇಳಿದರು: "ಅವರು ಬಾಕಿ ಇದೆ ಅಂತ ಎಲ್ಲಾದರೂ ಬರೆದು ಸಹಿ ಮಾಡಿದ್ದಾರಾ?"

ಕೆಂಪು ಫೈಲಿನ ತಳದಲ್ಲಿ ಆ ದೃಢೀಕರಣ ಪತ್ರ ಇತ್ತು. ಗಡುವಿನೊಳಗೆ ಸಾಲ ಒಪ್ಪಿ ಬರೆದು ಸಹಿ ಮಾಡಿದರೆ, ಸಹಿ ಮಾಡಿದ ದಿನದಿಂದ ಮೂರು ವರ್ಷ ಹೊಸದಾಗಿ ಶುರು. ಸಹಿ ಆದದ್ದು 2023ರ ಏಪ್ರಿಲ್. ಗಡುವು 2026ರ ಏಪ್ರಿಲ್‌ಗೆ ಹೋಯಿತು. ಜಾಣತನದಿಂದ ಮಾಡಿದ ಕೆಲಸ ಇದು ಅಂತ ನಾನು ಹೇಳಿಕೊಳ್ಳುವ ಹಾಗಿಲ್ಲ. ಲೆಕ್ಕದ ಚಟ, ಅಷ್ಟೇ.

ಸಹಿ ಹಾಕದ ತಮ್ಮ

ನೋಂದಣಿ ಅರ್ಜಿ ಸುಲಭ ಅಂದುಕೊಂಡಿದ್ದೆ. ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲಿ ಸಂಸ್ಥೆಯ ಹೆಸರು, ಮುಖ್ಯ ಜಾಗ, ಪ್ರತಿ ಪಾಲುದಾರ ಸೇರಿದ ದಿನ, ಹೆಸರು, ಕಾಯಂ ವಿಳಾಸ, ಅವಧಿ ತುಂಬುವುದು. ಆದರೆ ಅರ್ಜಿಗೆ ಎಲ್ಲ ಪಾಲುದಾರರ ಸಹಿ ಬೇಕು. ಸಣ್ಣವರು ಬರಲೇ ಇಲ್ಲ. ಫೋನ್ ಮಾಡಿದರೆ ಲೋಡಿಂಗ್ ನಡದೈತಿ ಅನ್ನುತ್ತಿದ್ದರು.

ಎರಡು ವಾರದ ಮೇಲೆ ಒಬ್ಬರೇ ಬಂದು ಕುಳಿತರು. 2019ರಲ್ಲಿ ಗ್ರೇಡಿಂಗ್ ಮಷೀನಿಗೆ ತಮ್ಮ ಪ್ಲಾಟ್ ಮಾರಿ ₹5 ಲಕ್ಷ ಹಾಕಿದ್ದರು. ಆಮೇಲೆ ಲಾಭ ಸರಿಯರ್ಧ ಅಂತ ಮಾತಾಗಿತ್ತಂತೆ. ಪತ್ರದಲ್ಲಿ ಮಾತ್ರ ಇನ್ನೂ 60-40. "ಈಗ ಸಹಿ ಹಾಕಿದ್ರ ಆ ಹಳೇ ಪತ್ರನ ಗಟ್ಟಿ ಆಕ್ಕೈತಲ್ರಿ. ಅಣ್ಣಾರ್ನ ಕೇಳಾಕ ಬಾಯಿ ಬರವಲ್ದು."

ದೊಡ್ಡವರನ್ನು ಕೇಳಿದೆ. ಅವರು ಒಪ್ಪಿದರು, ಆದರೆ ನೊಂದುಕೊಂಡರು. "ನಮ್ಮ ನಮ್ಮೊಳಗ ಕಾಗದ ಯಾಕ್ರಿ? ತಮ್ಮಗ ನನ್ಮ್ಯಾಲ ನಂಬಿಕಿ ಇಲ್ಲೇನು?" ಹತ್ತು ವರ್ಷ ನೋಂದಣಿ ಆಗದೆ ಉಳಿದದ್ದಕ್ಕೆ ನಿಜವಾದ ಕಾರಣ ಈ ಮಾತಿನಲ್ಲೇ ಇತ್ತು ಅಂತ ನನಗೆ ಅನಿಸಿತು. ಗೊತ್ತಿಲ್ಲದ್ದು ಅರ್ಧ, ಕಾಗದ ಕೇಳಿದರೆ ಸಂಬಂಧಕ್ಕೆ ಅವಮಾನ ಅನ್ನುವುದು ಇನ್ನರ್ಧ.

ಬಿಡಿಸಿದ್ದು ನಾನಲ್ಲ. ಅಕ್ಕ-ತಂಗಿ ಇಬ್ಬರೂ ಒಂದು ಭಾನುವಾರ ಗಂಡಂದಿರನ್ನು ಕೂರಿಸಿಕೊಂಡು, ಯಾರು ಯಾವ ವರ್ಷ ಎಷ್ಟು ಹಾಕಿದರು ಅಂತ ಬರೆಸಿದರು. ಅಕ್ಕನಿಗೆ ಪ್ಲಾಟ್ ಮಾರಿದ ತಾರೀಖೂ ನೆನಪಿತ್ತು. ಸೋಮವಾರ ಇಬ್ಬರೂ ಒಟ್ಟಿಗೆ ಬಂದರು. 50-50.

ಈಗ ಹೊಸ ಪಾಲುದಾರಿಕೆ ಪತ್ರವನ್ನೇ ಬರೆಸಿಬಿಡೋಣ ಅಂತ ನಾನು ಹೊರಟಿದ್ದೆ. ಮೇಡಂ ತಡೆದರು. ಹೊಸ ಪತ್ರದಿಂದ ಹೊಸ ಸಂಸ್ಥೆ ಹುಟ್ಟಿತು ಅಂತ ಎದುರಿನವರು ಹಿಡಿದರೆ, 2022ರ ಮಾಲು ಕಳಿಸಿದವರು ನೀವಲ್ಲವಲ್ಲ ಅಂತ ಕೇಳುತ್ತಾರೆ. ಹಾಗಾಗಿ 2015ರ ಪತ್ರ ಹಾಗೇ ಇಟ್ಟು, ಪಾಲಿನ ಅಂಕಿ ಮತ್ತು ವಿಳಾಸ ಮಾತ್ರ ಬದಲಿಸುವ ತಿದ್ದುಪಡಿ ಪತ್ರ ಮಾಡಿದೆವು. ಸೇರಿದ ದಿನ ಇಬ್ಬರಿಗೂ 2015ರದ್ದೇ. ಈ ಒಂದು ಎಚ್ಚರಿಕೆ ನನ್ನ ತಲೆಗೆ ಹೊಳೆಯುತ್ತಲೇ ಇರಲಿಲ್ಲ.

ಅರ್ಜಿ ಒಮ್ಮೆ ವಾಪಸ್ ಬಂತು. ಬಿಜಾಪುರ, ವಿಜಯಪುರ ಎರಡೂ ಒಂದೇ ಊರು ಅಂತ ಪ್ರಮಾಣಪತ್ರ ಕೊಟ್ಟೆವು. ಮೇ ಕೊನೆಗೆ ರಿಜಿಸ್ಟರಿನಲ್ಲಿ ಹೆಸರು ಏರಿತು. ಅರ್ಜಿ ಕೊಟ್ಟ ರಸೀದಿ ಸಾಕು ಅಂತ ಅವಸರ ಮಾಡಲಿಲ್ಲ. ನಮೂದಿನ ದೃಢೀಕೃತ ಪ್ರತಿ ಕೈಗೆ ಬಂದ ಮೇಲೆಯೇ ಮುಂದಿನ ಹೆಜ್ಜೆ.

ರಾಜಿ

ಜೂನ್‌ನಲ್ಲಿ ಕೋರ್ಟ್ ದಾವೆ ವಾಪಸ್ಸಿಗೆ ಅನುಮತಿ ಕೊಟ್ಟಿತು, ಎದುರಿನವರಿಗೆ ಖರ್ಚು ಕೊಡುವ ಷರತ್ತಿನ ಮೇಲೆ. ಜುಲೈನಲ್ಲಿ ಮತ್ತೆ ಮಧ್ಯಸ್ಥಿಕೆಗೆ ಅರ್ಜಿ. ಈ ಸಲ ಅರ್ಜಿಯ ಜೊತೆ ರಿಜಿಸ್ಟರ್ ಪ್ರತಿ ಮತ್ತು ಅವರದೇ ಸಹಿಯ ದೃಢೀಕರಣ ಪತ್ರ ಲಗತ್ತಿಸಿದ್ದೆವು. ಮೊದಲ ಸಲ ಮುಖ ತೋರಿಸದ ಗಿರಾಕಿ ಈ ಸಲ ವಕೀಲರ ಜೊತೆ ಬಂದರು. ಅವರ ಕೈಯಲ್ಲಿ ಇದ್ದದ್ದು ಒಂದೇ ಅಸ್ತ್ರ, ಅದು ಹೋಗಿತ್ತು.

ಎರಡು ಬೈಠಕ್. ₹10 ಲಕ್ಷಕ್ಕೆ ಒಪ್ಪಿದರು, ನಾಲ್ಕು ಕಂತು, ಅಕ್ಟೋಬರ್‌ನಿಂದ ಜನವರಿ. ಬಡ್ಡಿ ಇಲ್ಲ. ದೊಡ್ಡವರಿಗೆ ಇದು ಸೋಲು ಅನಿಸಿತು. ಪೂರ್ತಿ ದಾವೆ ನಡೆಸಿದ್ದರೆ ಬಡ್ಡಿ ಸಮೇತ ಬರುತ್ತಿತ್ತೇನೋ. ಆದರೆ ಹೊರರಾಜ್ಯದಲ್ಲಿ ಡಿಕ್ರಿ (ಕೋರ್ಟಿನ ತೀರ್ಪಿನ ಆದೇಶ) ಜಾರಿ ಮಾಡಿಸುವ ಓಡಾಟ ನೆನೆದು ಸಣ್ಣವರು "ಸಾಕ್ರಿ ಅಣ್ಣಾರ" ಅಂದರು. ನನ್ನ ಅಭಿಪ್ರಾಯವೂ ಅದೇ ಆಗಿತ್ತು. ಈ ಮಧ್ಯಸ್ಥಿಕೆಯಲ್ಲಿ ಸಹಿಯಾದ ರಾಜಿಗೆ ಆರ್ಬಿಟ್ರೇಷನ್ ತೀರ್ಪಿನಷ್ಟೇ ಬಲ ಇದೆ. ಕಂತು ತಪ್ಪಿದರೆ ಹೊಸ ದಾವೆ ಬೇಡ, ನೇರ ಜಾರಿಗೆ ಹೋಗಬಹುದು. ಮೂರು ಕಂತು ಸರಿಯಾಗಿ ಬಂತು. ಕೊನೆಯದು 11 ದಿನ ತಡ, ಈ ಸಲದ ಜಾತ್ರೆ ಮುಗಿದ ಮೇಲೆ. ಮೂವರು ರೈತರ ಬಾಕಿ ಮೊದಲೇ ತೀರಿತ್ತು.

ಬಿಟ್ಟುಕೊಟ್ಟದ್ದು ₹2,40,000, ಸುಮಾರು ಮೂರೂವರೆ ವರ್ಷದ ಬಡ್ಡಿ, ಎರಡು ಸಲದ ವಕೀಲರ ಫೀ, ಮೊದಲ ದಾವೆಯ ಖರ್ಚು. ಎಲ್ಲದರ ಬೆಲೆ ಕಟ್ಟಿದರೆ ಚೆಕ್ ಬೌನ್ಸ್ ಆದಾಗ ಕಳೆದುಕೊಂಡ 30 ದಿನವೇ ಅತಿ ದುಬಾರಿ ಅಂತ ನನಗೆ ಅನಿಸುತ್ತದೆ. ನೋಂದಣಿ ಇಲ್ಲದೆಯೂ ಆಗ ಒಂದು ದಾರಿ ತೆರೆದಿತ್ತು.

ನಾನು ಈಗ ಯಾವುದೇ ಪಾಲುದಾರಿಕೆ ಫೈಲು ಬಂದರೂ ಜಿಎಸ್‌ಟಿಗಿಂತ ಮೊದಲು ಸಂಸ್ಥೆಗಳ ರಿಜಿಸ್ಟರಿನ ಪ್ರತಿ ಕೇಳುತ್ತೇನೆ. ಹತ್ತರಲ್ಲಿ ಏಳೆಂಟು ಮಂದಿ ನೋಟರಿ ಪತ್ರ ತೆಗೆದು ತೋರಿಸುತ್ತಾರೆ.

ಕಳೆದ ವಾರ ಸಡ್ಡಕರು ಇಬ್ಬರೂ ಬಂದಿದ್ದರು. ದೊಡ್ಡವರ ಮಗ ಬಿ.ಕಾಂ. ಮುಗಿಸಿದ್ದಾನೆ, ವ್ಯಾಪಾರಕ್ಕೆ ಸೇರಿಸಿಕೊಳ್ಳುತ್ತಾರಂತೆ. ನಾನು ಬಾಯಿ ತೆರೆಯುವ ಮೊದಲೇ ಸಣ್ಣವರು ಕೇಳಿದರು: "ಇವನ ಹೆಸರೂ ಆ ರಿಜಿಸ್ಟರ್‌ದಾಗ ಏರಿಸಬೇಕಲ್ರಿ? ಇಲ್ಲಾಂದ್ರ ನಾಳೆ ಇವನ ಹೆಸರು ಹಾಕಿ ದಾವೆ ಮಾಡಾಕ ಬರೂದಿಲ್ಲ, ಹೌದಿಲ್ಲೋ?"

ಹೌದು ಅಂದೆ. ಹುಡುಗನ ಪಾಲು ಎಷ್ಟು ಅಂತ ಇನ್ನೂ ಮಾತಾಗಿಲ್ಲ. ಭಾನುವಾರ ಅಕ್ಕ-ತಂಗಿಯರು ಕೂರಲಿದ್ದಾರೆ.